ಏಳು ದಿನದ ಕ್ಯಾಂಪಿನಿಂದ ಹುಡುಗರು ಬದಲಾಗುತ್ತಾರಾ? ಮಲೆನಾಡಿನವರು ಹೇಳಿ

ಸಾಗರದ ಮೇಷ್ಟ್ರು

ನಾನು ಸಾಗರ ತಾಲ್ಲೂಕಿನ ಒಂದು ಪದವಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಜವಾಬ್ದಾರಿಯೂ ನನ್ನ ಮೇಲಿದೆ. ಈ ವರ್ಷದ ಶಿಬಿರಕ್ಕೆ ಊರು ಹುಡುಕುತ್ತಿದ್ದೇನೆ. ಊರು ಸಿಗುವುದು ಕಷ್ಟವಲ್ಲ, ಅಲ್ಲಿ ಏನು ಮಾಡಿಸಬೇಕು ಅನ್ನುವುದೇ ತಲೆನೋವು.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಎನ್‌ಎಸ್‌ಎಸ್ 1969ರಲ್ಲಿ, ಗಾಂಧೀಜಿ ಹುಟ್ಟಿ ನೂರು ವರ್ಷವಾದಾಗ ಶುರುವಾಯಿತು. ಸೇರಿದವರು ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷ ಸಮಾಜದ ಕೆಲಸ ಮಾಡಬೇಕು, ಒಂದು ಸಲ 7 ದಿನ ಹಳ್ಳಿಯಲ್ಲಿ ಇರಬೇಕು. ಕಾಗದದ ಮೇಲೆ ಚೆನ್ನಾಗಿದೆ. ನಡೆಯುವುದು ಮಾತ್ರ ಬೇರೆ. ಬೆಳಗ್ಗೆ ಧ್ವಜ, ಶಾಲೆ ಅಂಗಳದ ಕಳೆ ಕೀಳುವುದು, ಚರಂಡಿ, ಊಟ. ಸಂಜೆ ಯಾರೋ ಅತಿಥಿ ಬಂದು ಯುವಕರೇ ದೇಶದ ಆಸ್ತಿ ಅನ್ನುತ್ತಾರೆ. ರಾತ್ರಿ ಡ್ಯಾನ್ಸು. ಕೊನೇ ದಿನ ಹುಡುಗರು ಹುಡುಗಿಯರು ಎಲ್ಲ ತಬ್ಬಿಕೊಂಡು ಅಳುತ್ತಾರೆ. ಅಷ್ಟು ಗೆಳೆತನ ಆಗಿರುತ್ತದೆ, ಆದರೆ ಅದೆಲ್ಲ ತಮ್ಮತಮ್ಮಲ್ಲೇ. ಶಾಲೆ ಹಿಂದಿನ ಮನೆಯಲ್ಲಿ ಯಾರಿದ್ದಾರೆ, ಅವರ ಸಂಸಾರ ಹೇಗೆ ಸಾಗುತ್ತದೆ ಅಂತ ಕೇಳಿದರೆ ಒಬ್ಬರಿಗೂ ಗೊತ್ತಿರುವುದಿಲ್ಲ.

ತಮ್ಮದಲ್ಲದ ಬದುಕು ಹೇಗಿರುತ್ತದೆ ಅಂತ ಈ ವಯಸ್ಸಲ್ಲಿ ಒಂದಿಷ್ಟಾದರೂ ತಿಳಿಯಬೇಕು ಅಂತ ನನ್ನ ಆಸೆ. ಭಾಷಣ ಬೇಡ. ಮಾಡಿ ನೋಡಿದವರು ಹೇಳಿ. ಇಂಥ ಕ್ಯಾಂಪು ನಿಮ್ಮೂರಿಗೇ ಬಂದಿದ್ದರೆ ಇನ್ನೂ ಮುಖ್ಯವಾಗಿ ಹೇಳಿ.

ಶಿವಮೊಗ್ಗ ಟು ಬೆಂಗಳೂರು

ಮೇಷ್ಟ್ರೇ, ವಿಆರ್ ಕನ್ನಡಕ ಯೋಚಿಸಿದ್ದೀರಾ? ಸಿರಿಯಾ ಬಿಟ್ಟು ಓಡಿಬಂದು ಜೋರ್ಡಾನಿನ ಶಿಬಿರದಲ್ಲಿರುವ 12 ವರ್ಷದ ಹುಡುಗಿಯ ಬಗ್ಗೆ ವಿಶ್ವಸಂಸ್ಥೆಯವರು 2015ರಲ್ಲಿ ಅಂಥದ್ದೊಂದು ಚಿತ್ರ ತಂದಿದ್ದರು. ಹಾಕಿಕೊಂಡು ತಲೆ ತಿರುಗಿಸಿದರೆ ಶಿಬಿರವೆಲ್ಲ ನಮ್ಮ ಸುತ್ತಲೇ. ನಮ್ಮ ಆಫೀಸಿನಲ್ಲಿ ತೋರಿಸಿದಾಗ ಇಬ್ಬರು ಅತ್ತೇಬಿಟ್ಟರು. ಬೇಕಾದರೆ ಒಂದು ಸೆಟ್ ನಾನೇ ತರುತ್ತೇನೆ.

ಸಾಗರದ ಮೇಷ್ಟ್ರು

ಅತ್ತವರು ಆಮೇಲೆ ಏನು ಮಾಡಿದರು?

ಶಿವಮೊಗ್ಗ ಟು ಬೆಂಗಳೂರು

ಮೀಟಿಂಗ್ ಇತ್ತು, ಹೋದರು.

ಶಂಕರಘಟ್ಟ ಎಂ.ಎ.

ಇದರ ಬಗ್ಗೆ ಅಧ್ಯಯನವೂ ಆಗಿದೆ. ಇಂಥ ಹಲವು ಪ್ರಯೋಗಗಳ ಫಲಿತಾಂಶ ಒಟ್ಟು ಸೇರಿಸಿ 2021ರಲ್ಲಿ ಒಂದು ಲೆಕ್ಕ ಬಂತು. ಕನ್ನಡಕ ಹಾಕಿಕೊಂಡವರ ಮನಸ್ಸು ಕರಗುತ್ತದೆ, ಅದು ನಿಜ. ಆದರೆ ಎದುರಿನವರು ಏನು ಯೋಚಿಸುತ್ತಿದ್ದಾರೆ, ಯಾಕೆ ಹಾಗೆ ನಡೆದುಕೊಳ್ಳುತ್ತಾರೆ ಅಂತ ತಿಳಿಯುವುದು ಅದರಿಂದ ಹೆಚ್ಚಾಗುವುದಿಲ್ಲ. ಮೇಷ್ಟ್ರಿಗೆ ಬೇಕಾಗಿರುವುದು ಎರಡನೆಯದು ಅಂತ ಕಾಣುತ್ತೆ.

ಬಿಳಿ ಕೋಲು

ನಾನು ಹುಟ್ಟಿನಿಂದ ಕಣ್ಣು ಕಾಣದವನು. ಶಿವಮೊಗ್ಗದಲ್ಲಿ ಬ್ಯಾಂಕ್ ಕೆಲಸ. ನೀವು ಬರೆದದ್ದನ್ನೆಲ್ಲ ನನ್ನ ಫೋನು ಓದಿ ಹೇಳುತ್ತಿದೆ.

ಆಗಾಗ ಯಾವುದಾದರೂ ಕಾಲೇಜಿನವರು ಕಾರ್ಯಕ್ರಮಕ್ಕೆ ಕರೆಯುತ್ತಾರೆ. ಹುಡುಗರ ಕಣ್ಣಿಗೆ ಬಟ್ಟೆ ಕಟ್ಟಿ ವರಾಂಡದಲ್ಲಿ ನಡೆಸುತ್ತಾರೆ. ಅವರು ಗೋಡೆಗೆ ಡಿಕ್ಕಿ ಹೊಡೆಯುತ್ತಾರೆ, ಕಂಬ ತಬ್ಬಿಕೊಳ್ಳುತ್ತಾರೆ, ನಗುತ್ತಾರೆ. ಬಟ್ಟೆ ಬಿಚ್ಚಿದ ಮೇಲೆ ಮೈಕ್ ಹಿಡಿದು "ಪಾಪ, ಇವರು ಹೇಗೆ ಬದುಕುತ್ತಾರೋ" ಅನ್ನುತ್ತಾರೆ. ನಾನು ಸ್ಟೇಜ್ ಮೇಲೆ ಶಾಲು ಹೊದ್ದು ಕೂತಿರುತ್ತೇನೆ. ಸಾರ್, ಹತ್ತು ನಿಮಿಷ ಬಟ್ಟೆ ಕಟ್ಟಿಕೊಂಡವನಿಗೆ ಗೊತ್ತಾಗುವುದು ಕಣ್ಣು ಹೋದ ಮೊದಲ ಹತ್ತು ನಿಮಿಷ ಹೇಗಿರುತ್ತೆ ಅಂತ, ಅಷ್ಟೇ. ನಾನು ಸಾಲದ ಫೈಲು ಹೇಗೆ ನೋಡುತ್ತೇನೆ, ಗಾಂಧಿ ಬಜಾರಿನಲ್ಲಿ ಹೇಗೆ ವ್ಯಾಪಾರ ಮಾಡುತ್ತೇನೆ ಅನ್ನುವುದು ಅವನಿಗೆ ಹೊಳೆಯುವುದೇ ಇಲ್ಲ.

ನನ್ನ ಗೊಣಗಾಟ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ, 2015ರಲ್ಲಿ ಪ್ರಕಟವಾಯಿತು. ಮುಖ್ಯ ಸಂಶೋಧಕಿಯೇ ಕಣ್ಣು ಕಾಣದವರು. ಬಟ್ಟೆ ಕಟ್ಟಿಕೊಂಡು ಓಡಾಡಿದವರಿಗೆ ಕನಿಕರ ಬಂತು. ಆದರೆ ಕುರುಡರು ಕೆಲಸ ಮಾಡಬಲ್ಲರಾ, ಒಬ್ಬರೇ ಬದುಕಬಲ್ಲರಾ ಅಂತ ಕೇಳಿದರೆ, ಬಟ್ಟೆ ಕಟ್ಟಿಕೊಳ್ಳದವರಿಗಿಂತ ಇವರೇ ಕಡಿಮೆ ಅಂದಾಜು ಹಾಕಿದರು. ಅಂದರೆ ಆಟ ಆಡಿಸಿದ್ದಕ್ಕೆ ನಮಗೆ ನಷ್ಟವೇ ಆಯಿತು.

ಇದನ್ನೇ ಸರಿಯಾಗಿ ಮಾಡಿದವರೂ ಇದ್ದಾರೆ. 1988ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಪೂರ್ತಿ ಕತ್ತಲ ಕೋಣೆಗಳ ಒಂದು ಪ್ರದರ್ಶನ ಶುರುವಾಯಿತು. ಅಲ್ಲಿ ದಾರಿ ತೋರಿಸುವವರು ಕುರುಡರೇ. ಕಣ್ಣಿದ್ದವರು ಅವರ ಧ್ವನಿ ನಂಬಿ ನಡೆಯಬೇಕು. ಮೇಷ್ಟ್ರೇ, ನನ್ನನ್ನು ಕರೆಯುವುದಾದರೆ ಹಾಗೆ ಕರೆಯಿರಿ. ರಾತ್ರಿ ದೀಪ ಆರಿಸಿ ನಿಮ್ಮ ಹುಡುಗರಿಗೆ ಅಡುಗೆ ಹೇಳಿಕೊಡುತ್ತೇನೆ. ಶಾಲು ಬೇಡ.

ಹೊಸನಗರ ಹುಡುಗಿ

ಕ್ಯಾಂಪು ನಿಮ್ಮೂರಿಗೆ ಬಂದಿದ್ದರೆ ಹೇಳಿ ಅಂದಿರಲ್ಲ, ಹೇಳುತ್ತೇನೆ.

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ನಮ್ಮೂರಿಗೆ ಒಂದು ಕಾಲೇಜಿನ ಕ್ಯಾಂಪ್ ಬಂತು. ನಮ್ಮ ಕೇರಿಗೆ ಸರ್ವೆ ಮಾಡಲು ಬಂದರು. ಎಷ್ಟು ಜನ ಇದ್ದೀರಿ, ಶೌಚಾಲಯ ಇದೆಯಾ, ಕುಡಿತದ ಚಟ ಯಾರಿಗಿದೆ. ಆ ಕೊನೇ ಪ್ರಶ್ನೆಯನ್ನು ಅಪ್ಪನ ಎದುರಿಗೇ ಅಮ್ಮನಿಗೆ ಕೇಳಿದರು. ಬಿಸಿಲಲ್ಲಿ ಬಂದಿದ್ದಾರೆ ಅಂತ ಅಮ್ಮ ಚೊಂಬಿನಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲ ತಂದಿಟ್ಟಳು. ಒಬ್ಬಳು ಬ್ಯಾಗಿನಿಂದ ಬಾಟಲಿ ತೆಗೆದು "ನಮ್ಮ ಹತ್ರ ಇದೆ ಆಂಟಿ" ಅಂದಳು. ಉಳಿದವರೂ ಹಾಗೇ. ಯಾರೂ ಒರಟಾಗಿ ಮಾತಾಡಲಿಲ್ಲ, ನಗುನಗುತ್ತಲೇ ಅಂದರು. ಸಂಜೆ ಅದೇ ಹುಡುಗಿ ಜಾತಿ ಪದ್ಧತಿ ಬಗ್ಗೆ ಬೀದಿ ನಾಟಕದಲ್ಲಿ ಪಾರ್ಟು ಮಾಡಿದಳು. ಚೆನ್ನಾಗೇ ಮಾಡಿದಳು.

ನಾನು ಈಗ ಬಿ.ಎಡ್. ಓದುತ್ತಿದ್ದೇನೆ. ನನ್ನನ್ನು ಕೇಳಿದರೆ, ಶಾಲೆಯಲ್ಲಿ ಬೇರೆ ಅಡುಗೆ ಮಾಡಿಸಲೇಬೇಡಿ. ಇಬ್ಬಿಬ್ಬರಂತೆ ಊರಿನ ಮನೆಗಳಲ್ಲಿ ಊಟ. ಎಲ್ಲಾ ಕೇರಿಯಲ್ಲೂ. ಯಾರು ಯಾವ ಮನೆಗೆ ಅಂತ ಚೀಟಿ ಎತ್ತಿ. ಸರ್ವೆ ಫಾರಂ ಮನೆಯಲ್ಲೇ ಬಿಟ್ಟು ಬನ್ನಿ.

ಹೆಣ್ಣು ಮಗುವಿನ ಅಪ್ಪ

ಇದು ನನ್ನ ಮಗಳ ಕಾಲೇಜೇ ಇರಬೇಕು ಅನ್ನಿಸುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲಿ ಮೊಟ್ಟೆಯನ್ನೂ ತಿನ್ನುವುದಿಲ್ಲ. ಚೀಟಿ ಎತ್ತಿ ಯಾರ ಮನೆಗೋ ಕಳಿಸಿದರೆ ಅವಳು ಏನು ತಿನ್ನಬೇಕು? ಇನ್ನೊಂದು, ಈ ವಯಸ್ಸಲ್ಲಿ ಓದಬೇಕು. ಕಷ್ಟಸುಖ ಆಮೇಲೆ ಬದುಕೇ ಕಲಿಸುತ್ತದೆ.

ಹೊಸನಗರ ಹುಡುಗಿ

ಅಂಕಲ್, ಸೊಪ್ಪು ತರಕಾರಿ ಮಾತ್ರ ತಿನ್ನುವುದು ಅಂತ ಮೊದಲೇ ಹೇಳಿದರೆ ನಮ್ಮಮ್ಮ ಕೆಸುವಿನ ಸೊಪ್ಪಿನ ಸಾರು ಮಾಡಿ ಬಡಿಸುತ್ತಾಳೆ. ನಮಗೂ ದಿನಾ ಕೋಳಿ ಎಲ್ಲಿಂದ ಬರಬೇಕು?

ಶಂಕರಘಟ್ಟ ಎಂ.ಎ.

ಓದು ಹಾಳಾಗುತ್ತೆ ಅನ್ನುವ ಭಯಕ್ಕೆ ಒಂದು ಉತ್ತರ ಇದೆ. 2007ರಿಂದ ದೆಹಲಿಯ ಹಲವು ದೊಡ್ಡ ಖಾಸಗಿ ಶಾಲೆಗಳು ಬಡ ಮಕ್ಕಳಿಗೂ ಸೀಟು ಕೊಡಬೇಕಾಯಿತು. ಅರ್ಥಶಾಸ್ತ್ರಜ್ಞ ಗೌತಮ್ ರಾವ್ ಅಲ್ಲಿನ ಶ್ರೀಮಂತ ಮಕ್ಕಳನ್ನು ಅಧ್ಯಯನ ಮಾಡಿ 2019ರಲ್ಲಿ ಪ್ರಕಟಿಸಿದರು. ಬಡ ಸಹಪಾಠಿಗಳ ಜೊತೆ ಓದಿದವರು ಹೆಚ್ಚು ಉದಾರಿಗಳಾಗಿದ್ದರು. ರಿಲೇ ಓಟಕ್ಕೆ ಜೊತೆಗಾರನನ್ನು ಆರಿಸು ಅಂದಾಗ ನಿಧಾನ ಓಡುವ ಶ್ರೀಮಂತನ ಬದಲು ಜೋರಾಗಿ ಓಡುವ ಬಡ ಹುಡುಗನನ್ನು ಆರಿಸಲು ಅಷ್ಟು ಹಿಂಜರಿಯಲಿಲ್ಲ. ಅಂಕ? ಗಣಿತ, ಹಿಂದಿಯಲ್ಲಿ ಏನೂ ವ್ಯತ್ಯಾಸವಿಲ್ಲ. ಇಂಗ್ಲಿಷಿನಲ್ಲಿ ಸ್ವಲ್ಪ ಕಡಿಮೆಯಾಯಿತು, ಅದನ್ನು ಮುಚ್ಚಿಡುವುದಿಲ್ಲ.

ಆ ಮಕ್ಕಳು ಒಂದೇ ಬೆಂಚಿನಲ್ಲಿ ವರ್ಷಗಟ್ಟಲೆ ಕೂತಿದ್ದರು ಅನ್ನುವುದನ್ನೂ ನೆನಪಿಡಬೇಕು. ನಮ್ಮಲ್ಲಿ ಹತ್ತಿರ ಸರ್ಕಾರಿ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆರ್‌ಟಿಇ (ಶಿಕ್ಷಣ ಹಕ್ಕಿನ) ಸೀಟು ಇಲ್ಲ ಅಂತ 2019ರಿಂದ ನಿಯಮ ಬದಲಾಯಿತು. ಆ ಬೆಂಚು ಹೋಯಿತು. ಈಗ 7 ದಿನದ ಕ್ಯಾಂಪಿನಿಂದ ಅದೆಲ್ಲ ಆಗಲಿ ಅಂತ ಕಾಯುತ್ತಿದ್ದೇವೆ.

ವಿಕೆಟ್ ಕೀಪರ್

ಕ್ಯಾಂಪ್ ಯಾಕೆ, ಕ್ರಿಕೆಟ್ ಆಡಿಸಿ. ಎಲ್ಲ ಒಂದಾಗುತ್ತಾರೆ.

ಶಂಕರಘಟ್ಟ ಎಂ.ಎ.

ಅದನ್ನೂ ನೋಡಿದ್ದಾರೆ ಮಾರಾಯ್ರೇ! ಉತ್ತರ ಪ್ರದೇಶದ ಹಳ್ಳಿ ಹುಡುಗರನ್ನು ಸೇರಿಸಿ ಕ್ರಿಕೆಟ್ ಲೀಗ್ ನಡೆಸಿ ಮ್ಯಾಟ್ ಲೋ ಅನ್ನುವವರು 2021ರಲ್ಲಿ ಬರೆದರು. ಬೇರೆ ಜಾತಿಯವರು ಒಂದೇ ತಂಡದಲ್ಲಿದ್ದಾಗ ಗೆಳೆತನ ಬೆಳೆಯಿತು. ಎದುರಾಳಿ ತಂಡದಲ್ಲಿದ್ದಾಗ ಉಲ್ಟಾ ಆಯಿತು. ನಮ್ಮ ಟೂರ್ನಮೆಂಟುಗಳಲ್ಲಿ ತಂಡ ಹೇಗೆ ಕಟ್ಟುತ್ತೇವೆ ಹೇಳಿ? ಕೇರಿಗೊಂದು ತಂಡ, ಜಾತಿಗೊಂದು ಕಪ್.

ವಿಕೆಟ್ ಕೀಪರ್

ಸರಿ, ಮಿಕ್ಸ್ ಮಾಡಿ ಆಡಿಸಿ. ಕೀಪರ್ ಬೇಕಾದರೆ ನಾನಿದ್ದೇನೆ.

ಅರ್ಥಧಾರಿ

ಏನೇನೋ ಹೊರಗಿಂದ ತರುತ್ತಿದ್ದೀರಿ. ನಮ್ಮ ಹತ್ತಿರ ತಾಳಮದ್ದಳೆ ಇದೆಯಲ್ಲ?

ಯಕ್ಷಗಾನವೇ, ಆದರೆ ವೇಷ ಇಲ್ಲ, ಕುಣಿತ ಇಲ್ಲ, ಕೂತು ಮಾತಾಡುವುದು. ಬರೆದಿಟ್ಟ ಸಂಭಾಷಣೆಯೂ ಇಲ್ಲ. ಭಾಗವತರು ಪದ ಹೇಳಿದ ಮೇಲೆ ಅರ್ಥ ನಮ್ಮದು. ಇವತ್ತು ವಾಲಿಯಾಗಿ, ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ ಅಂತ ರಾಮನನ್ನು ನಿಲ್ಲಿಸಿ ಕೇಳುತ್ತೇನೆ. ಮುಂದಿನ ವಾರ ಇನ್ನೊಂದು ಊರಿನಲ್ಲಿ ನಾನೇ ರಾಮ. ಎದುರು ಕೂತವನ ನೋವಿಗೆ ಕಿವಿ ಕೊಡದೆ ಬಾಯಿಪಾಠ ಒಪ್ಪಿಸಿದರೆ ಸಭೆಗೆ ಅಲ್ಲೇ ಗೊತ್ತಾಗುತ್ತದೆ. ಎದ್ದು ಹೋಗುತ್ತಾರೆ, ನಾನು ನೋಡಿದ್ದೇನೆ.

ಇದನ್ನು ನಮ್ಮ ಊರಿನ ವಿಷಯಕ್ಕೇ ಹಚ್ಚಿ. ಕಾಗೋಡು ನಿಮ್ಮ ಕಾಲೇಜಿನಿಂದ ಎಷ್ಟು ದೂರ? 1951ರಲ್ಲಿ ಅಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿದರು. ಗೇಣಿ ಭತ್ತ ಅಳೆಯಲು ಒಡೆಯರು ದೊಡ್ಡ ಕೊಳಗ ಇಟ್ಟುಕೊಂಡಿದ್ದರು ಅನ್ನುವುದು ಜಗಳದ ಮೂಲ. ಸಮಾಜವಾದಿ ನಾಯಕ ಲೋಹಿಯಾ ಬಂದರು, ಬಂಧನವಾಯಿತು. ಮುಂದೆ 1974ರ ಭೂಸುಧಾರಣೆ ಬರುವ ಹೊತ್ತಿಗೆ ಈ ನೆಲದಲ್ಲಿ ಎಷ್ಟೋ ನಡೆದುಹೋಗಿತ್ತು. ಹುಡುಗರಿಗೆ ಇದನ್ನು ಪಾಠ ಮಾಡಿದರೆ ಆಕಳಿಸುತ್ತಾರೆ. ಒಬ್ಬನನ್ನು ಒಡೆಯನ ಕಡೆ, ಒಬ್ಬಳನ್ನು ಗೇಣಿದಾರರ ಕಡೆ ಕೂರಿಸಿ. ಅರ್ಧ ಗಂಟೆ ವಾದ. ಆಮೇಲೆ ಜಾಗ ಅದಲುಬದಲು. ಒಡೆಯರ ಮನೆತನದ ಹುಡುಗ ಗೇಣಿದಾರನ ಅರ್ಥ ಹೇಳುವಾಗ ಎಲ್ಲಿ ತಡವರಿಸುತ್ತಾನೆ ನೋಡಿ. ಕಲಿಯುವುದು ಅಲ್ಲಿಂದ ಶುರು.

ಹೊಸನಗರ ಹುಡುಗಿ

ಅನ್ಯಾಯ ಮಾಡಿದವರ ಪರವಾಗಿಯೂ ನಮ್ಮ ಹುಡುಗರು ವಾದ ಮಾಡಬೇಕಾ ಸಾರ್?

ಅರ್ಥಧಾರಿ

ಬೇಕಮ್ಮ. ಒಡೆಯರು ರಾಕ್ಷಸರು ಅಂತ ಬಿಟ್ಟರೆ ಹುಡುಗರು ಆರಾಮಾಗಿ ಇರುತ್ತಾರೆ, ಯಾಕೆಂದರೆ ತಮ್ಮನ್ನು ಯಾರೂ ರಾಕ್ಷಸ ಅಂದುಕೊಳ್ಳುವುದಿಲ್ಲ. ಒಳ್ಳೆ ಮನುಷ್ಯರೇ ದೊಡ್ಡ ಕೊಳಗ ಹಿಡಿದು ಹೇಗೆ ನಿದ್ದೆ ಮಾಡಿದರು ಅಂತ ಬಾಯಿಬಿಟ್ಟು ಹೇಳಿ ನೋಡಲಿ. ನಿನ್ನ ಬಾಟಲಿ ಹುಡುಗಿಯೂ ಒಳ್ಳೆಯವಳೇ ಅಲ್ವಾ?

ಹಿನ್ನೀರಿನವ

ತುಮರಿ ಕಡೆಯವನು ನಾನು. ವಾರಾಂತ್ಯ ಬಂದರೆ ನಮ್ಮ ಹಿನ್ನೀರಿಗೆ ಕಾರಿನ ಸಾಲು. ಸೂರ್ಯಾಸ್ತದ ಫೋಟೊ ತೆಗೆಯುವವರಿಗೆ ಆ ನೀರಿನ ಕೆಳಗೆ ಗದ್ದೆ, ತೋಟ, ದೇವಸ್ಥಾನ ಇವೆ ಅಂತ ಯಾರೂ ಹೇಳುವುದಿಲ್ಲ.

ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ನಮ್ಮ ಅಜ್ಜ ಎದ್ದು ಬಂದು ನೆಲೆಸಿದ ಜಾಗ ಅರಣ್ಯದ ಲೆಕ್ಕದಲ್ಲಿತ್ತು. ಹಕ್ಕುಪತ್ರದ ಫೈಲು ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ನನಗೆ ಬಂದಿದೆ. ಮುಳುಗಡೆಯವರಿಗೆ ಅಂತ ಅರಣ್ಯ ಜಮೀನು ಬಿಡುಗಡೆ ಮಾಡಿದ್ದ ಸರ್ಕಾರದ ಆದೇಶಗಳನ್ನು, ಕೇಂದ್ರದ ಒಪ್ಪಿಗೆ ಇಲ್ಲ ಅಂತ 2021ರಲ್ಲಿ ಹೈಕೋರ್ಟ್ ರದ್ದು ಮಾಡಿತು. ಸೇತುವೆ ಬಂದದ್ದು 2025ರ ಜುಲೈನಲ್ಲಿ, ಅಂಬಾರಗೋಡ್ಲು ಕಳಸವಳ್ಳಿ ನಡುವೆ, ಸುಮಾರು 2.4 ಕಿಲೋಮೀಟರ್. ಅಲ್ಲಿವರೆಗೆ ಲಾಂಚ್ ನಂಬಿದ ಬದುಕು. ರಾತ್ರಿ ಹೆರಿಗೆ ನೋವು ಬಂದರೆ ಸುತ್ತು ಹಾಕಿ ಹೋಗಬೇಕಿತ್ತು.

ಮೇಷ್ಟ್ರೇ, ನಮ್ಮಲ್ಲಿಗೆ ಬನ್ನಿ. ಚರಂಡಿ ನಾವೇ ತೋಡಿಕೊಳ್ಳುತ್ತೇವೆ. ನಿಮ್ಮ ಹುಡುಗರಿಗೆ ಓದುಬರಹ ಬರುತ್ತದೆ, ಕಂಪ್ಯೂಟರ್ ಬರುತ್ತದೆ. ಒಬ್ಬೊಬ್ಬರು ಒಂದು ಮನೆಯ ಫೈಲು ಹಿಡಿದು ಕೂರಲಿ. ಪಹಣಿ ತೆಗೆಸುವುದು, ಹಳೇ ಅರ್ಜಿಗೆ ಏನು ಉತ್ತರ ಬಂತು ನೋಡುವುದು, ಮಾಹಿತಿ ಹಕ್ಕಿನಲ್ಲಿ ಕೇಳುವುದು. ತಾಲ್ಲೂಕು ಆಫೀಸಿಗೆ ನಮ್ಮ ಅಪ್ಪನ ಜೊತೆ ಒಂದು ದಿನ ಹೋಗಿ ಬರಲಿ. "ನಾಳೆ ಬನ್ನಿ" ಅನ್ನುವುದನ್ನು ಕಿವಿಯಾರೆ ಕೇಳಲಿ. ಅದಕ್ಕಿಂತ ಒಳ್ಳೆಯ ಕನ್ನಡಕ ಯಾವ ಕಂಪನಿಯೂ ಮಾಡಿಲ್ಲ.

ಆಶಾ ಅಕ್ಕ

ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಡಿಸೆಂಬರಿನಿಂದ ಮೇವರೆಗೆ ಕಾಡಂಚಿನ ಊರಿಗೆ ಕ್ಯಾಂಪ್ ಹಾಕಿ ಹುಡುಗರನ್ನು ಕಾಡಿಗೆ, ಸೊಪ್ಪಿನಬೆಟ್ಟಕ್ಕೆ ನುಗ್ಗಿಸಬೇಡಿ. ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದದ್ದು, ಇವತ್ತಿಗೂ ಬಿಟ್ಟಿಲ್ಲ. ಹರಡುವುದು ಉಣುಗಿನಿಂದ. ಹಳೇ ಲಸಿಕೆ ಕೊಡುವುದನ್ನು ನಿಲ್ಲಿಸಿದ್ದಾರೆ. ಕಾಡಿಗೆ ಹೋಗುವವರು ಉಣುಗು ಹತ್ತದ ಹಾಗೆ ಡೇಪಾ ಎಣ್ಣೆ ಹಚ್ಚಿಕೊಳ್ಳಬೇಕು, ಮನೆಗೆ ಬಂದ ಮೇಲೆ ಬಿಸಿನೀರಿನಲ್ಲಿ ಸ್ನಾನ, ಬಟ್ಟೆ ಬದಲು.

ಅರಲಗೋಡು ಕಡೆ 2018-19ರಲ್ಲಿ ಕಾಯಿಲೆ ಜೋರಾದಾಗ ನನ್ನ ನೆಂಟರೊಬ್ಬರು ಮಲಗಿದ್ದರು. ಜ್ವರ ಬಿಟ್ಟರೂ ಎಷ್ಟೋ ದಿನ ಎದ್ದು ಓಡಾಡಲು ಆಗಲಿಲ್ಲ. ಅದು ಮನುಷ್ಯರಿಂದ ಮನುಷ್ಯರಿಗೆ ಹರಡುವ ಕಾಯಿಲೆ ಅಲ್ಲ. ಆದರೂ ಬಸ್ಸಿನಲ್ಲಿ ಅವರ ಮಗನ ಪಕ್ಕ ಯಾರೂ ಕೂರುತ್ತಿರಲಿಲ್ಲ. ಅವನಿಗೆ ಕಾಯಿಲೆಗಿಂತ ಅದೇ ಜಾಸ್ತಿ ನೆನಪಿದೆ.

ನವೆಂಬರಿನಲ್ಲಿ ಬಂದರೆ ನಮಗೂ ಕೆಲಸಕ್ಕೆ ಬರುತ್ತಾರೆ. ನನ್ನ ಜೊತೆ ಮನೆಮನೆಗೆ ಬರಲಿ. ಎಣ್ಣೆ ಕೊಟ್ಟರೆ ಕೆಲವರು ವಾಸನೆ ಅಂತ ಮೂಲೆಗಿಡುತ್ತಾರೆ. ಯಾಕೆ ಹಚ್ಚುವುದಿಲ್ಲ ಅಂತ ಬೈಯದೆ ಕೇಳುವುದನ್ನು ಕಲಿಯಲಿ. ಕಾಡಿನ ದರಕು (ಒಣಗಿದ ಎಲೆ) ತರದಿದ್ದರೆ ಕೊಟ್ಟಿಗೆಗೆ ಏನು ಹಾಕುವುದು ಅಂತ ಅವರು ತಿರುಗಿ ಕೇಳುತ್ತಾರೆ. ಅದಕ್ಕೆ ನನ್ನ ಹತ್ತಿರವೂ ಉತ್ತರ ಇಲ್ಲ.

ನಾಲ್ಕೆಕರೆ ತೋಟ

ಎಲ್ಲರೂ ಕೂಲಿಯವರ ಮನೆ, ಮುಳುಗಡೆಯವರ ಮನೆ ಅನ್ನುತ್ತಿದ್ದೀರಿ. ಎಲೆಚುಕ್ಕೆ ರೋಗ ಬಂದು ಕೂತ ತೋಟದವನ ಮನೆಗೂ ಇಬ್ಬರನ್ನು ಕಳಿಸಿ. ಮಳೆಗಾಲದಲ್ಲಿ ಬೋರ್ಡೋ ಔಷಧಿ ಹೊಡೆಯಲು ಮರ ಹತ್ತುವವನು ಜಾರುತ್ತಾನೇನೋ ಅಂತ ಕೆಳಗೆ ನಿಂತವನ ಜೀವವೂ ಬಾಯಿಗೆ ಬಂದಿರುತ್ತದೆ. ನವೆಂಬರ್ ಅಂದರೆ ಸುಗ್ಗಿ. ರಾತ್ರಿ ಅಡಿಕೆ ಸುಲಿಯಲು ಕೂರಿಸಿ, ಮೆಟ್ಟುಗತ್ತಿ ನಾನು ಕೊಡುತ್ತೇನೆ. ಮೈಯೂ ಬಗ್ಗುತ್ತದೆ, ಮಾತೂ ಬರುತ್ತದೆ.

ಹೊಸನಗರ ಹುಡುಗಿ

ಅಣ್ಣ, ಸುಲಿಯುವ ಚಪ್ಪರದಲ್ಲಿ ಮಾತು ಬರುತ್ತೆ ಅನ್ನುವುದು ನಿಜ. ಆದರೆ ಸುಲಿದಷ್ಟಕ್ಕೆ ಕೂಲಿ. ಅಷ್ಟು ಜನ ಹುಡುಗರು ಪುಕ್ಕಟೆ ಸುಲಿದುಕೊಟ್ಟರೆ ಆ ರಾತ್ರಿ ನಮ್ಮಮ್ಮನಂಥವರ ಕೂಲಿ ಹೋಯಿತಲ್ಲ? ನಿಮಗೆ ಲಾಭ, ಅವರಿಗೆ ಪಾಠ, ನಮಗೆ ನಷ್ಟ.

ನಾಲ್ಕೆಕರೆ ತೋಟ

ಅಷ್ಟು ಯೋಚಿಸಿರಲಿಲ್ಲ. ಹಾಗಾದರೆ ಹೀಗೆ ಮಾಡೋಣ. ಹುಡುಗ ಯಾರ ಪಕ್ಕ ಕೂತು ಸುಲಿಯುತ್ತಾನೋ ಅವನು ಸುಲಿದದ್ದೂ ಆ ಹೆಂಗಸಿನ ಲೆಕ್ಕಕ್ಕೆ. ಕಾಲೇಜು ಹುಡುಗರು ಸುಲಿದು ಗುಡ್ಡೆ ಹಾಕುವುದು ಅಷ್ಟರಲ್ಲೇ ಇದೆ ಬಿಡಿ.

ಸಾಗರದ ಮೇಷ್ಟ್ರು

ಎಲ್ಲ ಓದಿದೆ. ಪ್ರಿನ್ಸಿಪಾಲರ ಜೊತೆಯೂ ಮಾತಾಡಿದೆ. ಸದ್ಯಕ್ಕೆ ಹೀಗಿದೆ ಯೋಚನೆ.

ನವೆಂಬರಿನಲ್ಲಿ ತುಮರಿ ಕಡೆ. ಕ್ಯಾಂಪ್‌ಗೆ ಮೊದಲೇ ಕಾಲೇಜಿನಲ್ಲಿ ಕಾಗೋಡಿನ ವಾದ ಎರಡು ಸಲ, ಜಾಗ ಅದಲುಬದಲು ಮಾಡಿ. ಅರ್ಥಧಾರಿಗಳು ಬಂದು ಕೂರಬೇಕು. ಊಟ ಮನೆಗಳಲ್ಲಿ, ಚೀಟಿ ಎತ್ತಿ. ಕ್ಯಾಂಪಿನ ಊಟದ ದುಡ್ಡನ್ನು ಆ ಮನೆಗಳಿಗೇ ಕೊಡುತ್ತೇವೆ, ಯಾರ ಮೇಲೂ ಹೊರೆ ಆಗಬಾರದು. ಹಗಲು ಅರ್ಧ ಜನ ಫೈಲುಗಳಿಗೆ, ಅರ್ಧ ಜನ ಆಶಾ ಅಕ್ಕನ ಜೊತೆ. ಒಂದು ರಾತ್ರಿ ಬಿಳಿ ಕೋಲಿನವರ ಕತ್ತಲ ಅಡುಗೆ. ಉಳಿದ ರಾತ್ರಿ ಅಡಿಕೆ ಸುಲಿಯುವುದು. ಅತಿಥಿ ಭಾಷಣ ತೆಗೆದುಹಾಕಿದ್ದೇನೆ. ಇದಕ್ಕೆ ಪ್ರಿನ್ಸಿಪಾಲರು ಸ್ವಲ್ಪ ಮುಖ ಸಣ್ಣ ಮಾಡಿದರು.

ಫೈಲಿನ ಕೆಲಸ 7 ದಿನದಲ್ಲಿ ಮುಗಿಯುವುದಿಲ್ಲ ಅಂತ ಗೊತ್ತು. ವರ್ಷದ 120 ಗಂಟೆಯಲ್ಲಿ ಉಳಿದದ್ದನ್ನು ಅದಕ್ಕೇ ಹಾಕುತ್ತೇವೆ. ಒಂದು ಮನೆಯ ಫೈಲು ಹಿಡಿದ ಇಬ್ಬರು ಎರಡು ವರ್ಷವೂ ಅದೇ ಮನೆಗೆ.

ಶಿವಮೊಗ್ಗ ಟು ಬೆಂಗಳೂರು

ಚೆನ್ನಾಗಿದೆ. ಡಾಕ್ಯುಮೆಂಟರಿ ಮಾಡೋಣವಾ? ಕ್ಯಾಮೆರಾ ನನ್ನದು.

ಹಿನ್ನೀರಿನವ

ಈ ಸಲ ಬೇಡ ತಮ್ಮ. ಸ್ಕ್ಯಾನರ್ ಇದ್ದರೆ ತಾ. ಹಳೇ ಕಾಗದಗಳನ್ನು ಗೆದ್ದಲು ತಿನ್ನುತ್ತಿದೆ.

ಮೇಷ್ಟ್ರೇ, ನಮ್ಮದೂ ಒಂದು ಷರತ್ತು. ಫೈಲು ಹಿಡಿದ ಹುಡುಗರು "ನಿಮಗೆ ಜಮೀನು ಮಾಡಿಸಿಕೊಡುತ್ತೇವೆ" ಅಂತ ಮಾತು ಕೊಡಬಾರದು. ಅಂಥ ಮಾತು ಕೊಟ್ಟವರನ್ನು ಎಲೆಕ್ಷನ್ ಎಲೆಕ್ಷನ್‌ಗೂ ನೋಡಿದ್ದೇವೆ. ಆದದ್ದು ಆಯಿತು, ಆಗದ್ದು ಯಾಕೆ ಆಗಲಿಲ್ಲ ಅಂತ ಬಂದು ಹೇಳಿದರೆ ಸಾಕು.

ಸಾಗರದ ಮೇಷ್ಟ್ರು

ಒಪ್ಪಿದೆ. ಹುಡುಗರಿಗೆ ಮೊದಲ ದಿನವೇ ಹೇಳುತ್ತೇನೆ, ನೀವೂ ಎದುರಿಗಿರಿ.

ಹೆಣ್ಣು ಮಗುವಿನ ಅಪ್ಪ

ಮಗಳು ಹೆಸರು ಕೊಟ್ಟು ಬಂದಿದ್ದಾಳೆ, ಸಂಜೆ ಮನೆಗೆ ಬಂದ ಮೇಲೆ ಹೇಳಿದಳು. ನವೆಂಬರಿನಲ್ಲಿ ಆ ಕಡೆ ಚಳಿ ಹೇಗೆ? ಕಂಬಳಿ ಕಳಿಸಬೇಕಾ?

ಹಿನ್ನೀರಿನವ

ಕಂಬಳಿ ನಮ್ಮ ಮನೆಗಳಲ್ಲಿ ಇದೆ ಸಾರ್. ಟಾರ್ಚ್ ಕಳಿಸಿ, ಕರೆಂಟ್ ನಂಬುವ ಹಾಗಿಲ್ಲ.